ಮಿಂದ ಮೋತಿಯ ನಿದ್ದೆ

೧೯೯೬ರ ಜನವರಿ ೨೬, ಶುಕ್ರವಾರ. ಹಳೆಯ ದಿನದರ್ಶಿಕೆಯೊಂದನ್ನು ನೋಡಿ ವಾರವನ್ನು ಖಚಿತಪಡಿಸಿಕೊಂಡಿದ್ದೇನೆ. ಠಾಣೆ ನಗರದ ಕಾರ್ಖಾನೆಗೆ ಹೋಗುತ್ತಿದ್ದ ಅಪ್ಪ ಅಂದು ಮನೆಯಲ್ಲಿದ್ದುದರಿಂದ, ಅದು ಭಾನುವಾರವೆಂದೇ ನನ್ನ ನೆನಪು ಹಟ ಹಿಡಿದಿತ್ತು.

ಆ ಕಾಲದಲ್ಲಿ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಗಣರಾಜ್ಯೋತ್ಸವವೆಂದರೆ ಬೆಳಿಗ್ಗೆ ಧ್ವಜವಂದನೆ, ಸಂಜೆ ಸತ್ಯನಾರಾಯಣ ಪೂಜೆ. ಮಧ್ಯಾಹ್ನದ ಹೊತ್ತಿಗೇ ತುಪ್ಪದಲ್ಲಿ ರವೆ ಹುರಿಯುವ ಘಮ ಮೆಟ್ಟಿಲುಗಳನ್ನು ಹತ್ತಿ ಬರುತ್ತಿತ್ತು. ಆ ಮೆಟ್ಟಿಲ ಕೆಳಗೆ ಮೋತಿ ಇರುತ್ತಿದ್ದ. ಯಾರದೂ ಅಲ್ಲದ, ಎಲ್ಲರ ಮನೆಯ ಚಪಾತಿ ತಿನ್ನುವ ಬಿಳಿ ನಾಯಿ. ಕೊಳೆಯ ಕೆಳಗೆ ಬಿಳಿ ಎಂಬುದು ಮಾತ್ರ ಊಹೆ.

ಕಟ್ಟಡದ ಸೆಕ್ರೆಟರಿ ಕಾಕಾ ನನ್ನನ್ನು ಮೊದಲೇ ಎಚ್ಚರಿಸಿದ್ದರು: "ಏ ಪೋರಿ, ಕುತ್ತೇ ಕೋ ನೆಹಲಾವ್. ನಹೀ ತೋ ಗಾಡಿ ಬುಲಾವೂಂಗಾ." ನಾಯಿಗೆ ಸ್ನಾನ ಮಾಡಿಸು, ಇಲ್ಲವಾದರೆ ಗಾಡಿ ಕರೆಸುತ್ತೇನೆ ಎಂದು. ಗಾಡಿ ಎಂದರೆ ನಾಯಿ ಹಿಡಿಯುವ ಗಾಡಿ. ಅದರಲ್ಲಿ ಹೋದ ನಾಯಿ ಮರಳಿ ಬಂದುದನ್ನು ನಾವು ಮಕ್ಕಳು ಕಂಡಿರಲಿಲ್ಲ.

ಆದ್ದರಿಂದ ಪಂಪಿನ ಪಕ್ಕದಲ್ಲಿ ಮೋತಿಯನ್ನು ಕಟ್ಟಿ, ಬಟ್ಟೆಯ ಸಾಬೂನು ತಿಕ್ಕಿದೆ. ಅವನು ನಾಲ್ಕು ಕಾಲನ್ನೂ ನೆಲಕ್ಕೆ ಊರಿ ಎಳೆದಾಡಿದ, ನಡುಗಿದ, ನನ್ನನ್ನೇ ಮೀಯಿಸಿದ. ಬಿಚ್ಚಿದೊಡನೆ ಅಂಗಳದಲ್ಲಿ ಹುಚ್ಚೆದ್ದು ಸುತ್ತಿದ. ಆಮೇಲೆ ಗೇಟಿನ ಬಳಿಯ ಬಿಸಿಲಿನಲ್ಲಿ ದೊಪ್ಪನೆ ಬಿದ್ದ. ಹೆಸರು ಕರೆದರೆ ಕಿವಿ ನಿಮಿರಲಿಲ್ಲ. ಚಪಾತಿ ತೋರಿಸಿದರೆ ಮೂಗು ಅಲುಗಲಿಲ್ಲ. ಬಾಯಂಚಿನಲ್ಲಿ ಬಿಳಿ ನೊರೆ.

"ಪಿಸಾಳಲಾಯ್ ಹಾ!" ಎಂದು ಕಾಕಾ ಹಿಂದೆ ಸರಿದರು. ಹುಚ್ಚು ಹಿಡಿದಿದೆಯಂತೆ. ಇಂದು ರಜೆ, ಗಾಡಿ ಬರುವುದಿಲ್ಲ. ಸಂಜೆಯೊಳಗೆ ಏಳದಿದ್ದರೆ ನಾಳೆ ಬೆಳಿಗ್ಗೆ ಮೊದಲ ಫೋನು ಅದೇ ಎಂದರು.

ನೆಲಮಹಡಿಯ ಶರಣವ್ವ ಆಯಿ ಕಲಬುರಗಿಯವಳು. ಬಾಗಿಲಲ್ಲೇ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತ ಕನ್ನಡದಲ್ಲಿ ಹೇಳಿದಳು: "ಹುಚ್ಚಲ್ಲೋ ಯಪ್ಪಾ, ಸಾಬೂನ ನೊರಿ ಅದ. ನಿನಗ ಯಾರರೆ ಕಂಬಕ್ಕ ಕಟ್ಟಿ ತಿಕ್ಕಿದ್ರ ನೀನೂ ಹಿಂಗೇ ಬೀಳ್ತಿದ್ದಿ."

"ಕಾಯ್ ಮ್ಹಣತೇ ತೀ?" ಎಂದು ಕಾಕಾ ಪಕ್ಕದಲ್ಲಿ ನಿಂತಿದ್ದ ನನ್ನ ಅಮ್ಮನನ್ನು ಕೇಳಿದರು. ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, ಪ್ರಸಾದದ ಶಿರಾದ ಘಮ ಚೆನ್ನಾಗಿದೆ ಎನ್ನುತ್ತಿದ್ದಾಳೆ ಎಂದು ಮರಾಠಿಯಲ್ಲಿ ಅನುವಾದಿಸಿದಳು. ಕಾಕಾ ಸಂತೋಷಪಟ್ಟು ಒಳಗೆ ಹೋದರು.

ನನಗೆ ನಗು ಬರಲಿಲ್ಲ. "ಅಮ್ಮಾ, ಸಾಯ್ತಾನಾ?"

"ಎಂಥ ಸಾಯುದು ಮಾರಾಯ್ತಿ! ದೀಪಾವಳಿಗೆ ಎಣ್ಣೆ ಹಾಕಿ ಮೀಯಿಸಿದ್ರೆ ನೀನು ಹೇಗೆ ಮಲಗುದು? ಕರೆದ್ರೂ ಕೇಳ್ತದಾ ನಿಂಗೆ? ನೀನಾದ್ರೆ ಕೂಗುದು ಮಾತ್ರ. ಅವ ಪಾಪ, ಕೊಲ್ತಾರೆ ಅಂತಲೇ ಗ್ರಹಿಸಿ ಹೋರಾಡಿದ್ದು. ಬಚ್ಚಿ ಸುಸ್ತಾಗುದಿಲ್ವಾ ಅವನಿಗೆ?"

ಆದರೂ ನಾನು ಅವನ ಹೊಟ್ಟೆಯ ಮೇಲೆ ಕೈಯಿಟ್ಟು ಕೂತೆ. ಒದ್ದೆ ರೋಮ, ಸಾಬೂನಿನ ವಾಸನೆ, ಅಂಗೈಯ ಕೆಳಗೆ ಏರಿಳಿಯುವ ಉಸಿರು. ರೆಪ್ಪೆ ಮುಚ್ಚದೆ ಕಾದೆ. ಬಿಸಿಲು ಗೋಡೆ ಹತ್ತಿದ ಮೇಲೆ ಪಾವ್ ಮಾರುವವನ ಸೈಕಲ್ ಹಾರ್ನ್ 'ಪೋಂಯ್' ಎಂದಿತು. ಮೋತಿಯ ಒಂದು ಕಿವಿ ಎದ್ದಿತು, ಮತ್ತೊಂದು ಎದ್ದಿತು, ಬಾಲ ನೆಲಕ್ಕೆ ಬಡಿಯಿತು. ಅವನು ಮೈಮುರಿದು, ದಿನದ ಪಾವಿನ ತುಂಡಿಗಾಗಿ ಗೇಟಿಗೆ ಓಡಿದ. ನಾನು ಅಳುತ್ತ ಹಿಂದೆ ಓಡಿದೆ. ಅಂದು ಪ್ರಸಾದದ ಮೊದಲ ದೊನ್ನೆಗಳಲ್ಲೊಂದನ್ನು ಕಾಕಾ ತಾವೇ ಅವನ ಮುಂದಿಟ್ಟು, "ಖಾ ರೇ, ರಾಜಾ" ಎಂದರು.

ಈಗ ಆ ಕಟ್ಟಡವಿಲ್ಲ, ಮೋತಿಯಿಲ್ಲ. ಎಣ್ಣೆಯೊತ್ತಿ ಮೀಯಿಸಿ ನನ್ನನ್ನು ಮಲಗಿಸುವವರೂ ಇಲ್ಲ. ಉಳಿದಿರುವುದು ಅಪ್ಪ ತೆಗೆದ ಒಂದು ಫೋಟೊ. ಹಿಂಬದಿಯಲ್ಲಿ ಅವರದೇ ಅಕ್ಷರದಲ್ಲಿ ಅದೇ ತಾರೀಖು. ಅದರಲ್ಲಿ ಬಿಸಿಲು ಇನ್ನೂ ಗೋಡೆ ಹತ್ತದೆ ನೆಲದ ಮೇಲೇ ಇದೆ. ಆ ಫೋಟೊ ನನ್ನ ಸಾಕ್ಷ್ಯವನ್ನು ಸ್ಪಷ್ಟವಾಗಿ ಅಲ್ಲಗಳೆಯುತ್ತದೆ. ಚಿತ್ರದಲ್ಲಿ ಮೋತಿ ತಲೆಯೆತ್ತಿ, ಎರಡೂ ಕಿವಿ ನಿಮಿರಿಸಿ, ಗೇಟಿನತ್ತ ನೋಡುತ್ತ ಕೂತಿದ್ದಾನೆ. ಅವನ ಬೆನ್ನಿಗೆ ತಲೆಯಿಟ್ಟು, ಬಾಯಿ ತೆರೆದುಕೊಂಡು, ಗಾಢವಾಗಿ ನಿದ್ರಿಸುತ್ತಿರುವವಳು ನಾನು.