ಸರ್ವೆ ಹುಡುಗಿ ಬಂದೇ ಇಲ್ಲ ಎಂದೆ

ಟಿವಿಯಲ್ಲಿ ಚುನಾವಣೆ ಸರ್ವೆ ಬಂದರೆ ನಾನು ಎದ್ದು ಹೋಗುತ್ತೇನೆ. ಅದು ತಿಳಿಯುವುದಿಲ್ಲವೆಂದಲ್ಲ. ಅದನ್ನು ಕೆಡಿಸಿದವರಲ್ಲಿ ನಾನೂ ಒಬ್ಬಳು.

ಹೋದ ಚುನಾವಣೆಗೆ ಮುಂಚೆ ಯಲಬುರ್ಗಾ ಬಸ್ಸಿನಿಂದ ಒಬ್ಬ ಹುಡುಗಿ ನಮ್ಮೂರಲ್ಲಿ ಇಳಿದಳು. ನೆರಳಿದೆಯೆಂದು ಪಂಚಾಯಿತಿ ಮೆಂಬರನ ಮನೆ ಕಟ್ಟೆಯ ಮೇಲೆ ಕುಳಿತು, ಅಲ್ಲಿದ್ದವರನ್ನೆಲ್ಲ ಓಟು ಯಾರಿಗೆಂದು ಕೇಳಿದಳು. ಒಬ್ಬರ ಕಟ್ಟೆಯ ಮೇಲೆ ಕುಳಿತು ಅವರ ಚಹಾ ಕುಡಿದು ಅವರ ವಿರುದ್ಧ ಮಾತಾಡುವವರು ನಮ್ಮಲ್ಲಿಲ್ಲ. ಎಲ್ಲರೂ ಮೆಂಬರನ ಪಕ್ಷದ ಹೆಸರೇ ಹೇಳಿದರು. ಅವರಲ್ಲಿಬ್ಬರು ಅದೇ ಬೆಳಿಗ್ಗೆ ನಳದ ಹತ್ತಿರ ಆ ಪಕ್ಷಕ್ಕೆ ಶಾಪ ಹಾಕಿದ್ದನ್ನು ನಾನೇ ಕೇಳಿದ್ದೆ. ಹುಡುಗಿ ಎಲ್ಲವನ್ನೂ ಫೋನಿನಲ್ಲಿ ಒತ್ತಿಕೊಂಡಳು.

ಆಮೇಲೆ ನೀರು ಕೇಳುತ್ತ ನಮ್ಮ ಮನೆಗೆ ಬಂದಳು. ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಕೇಳಿದಳು, ಖರೇ ಹೇಳಿಬಿಟ್ಟೆ: ಮೆಂಬರನ ಪಕ್ಷಕ್ಕಲ್ಲ, ಇನ್ನೊಂದಕ್ಕೆ.

"ಅಜ್ಜಿ, ಹೆಸರು, ಫೋನ್ ನಂಬರ್ ಹೇಳ್ರಿ."

"ಓಟು ಗುಟ್ಟು ಅಂತಾರ, ನಂಬರ್ ಯಾಕವಾ?"

"ನಾ ಖರೇ ಬಂದಿದ್ನೋ, ಗಿಡದ ಬುಡಕ ಕುಂತು ನಾನ ಫಾರ್ಮ್ ತುಂಬೀನೋ ಅಂತ ನಮ್ಮ ಸಾಹೇಬ್ರು ಫೋನ್ ಮಾಡಿ ಕೇಳ್ತಾರ್ರಿ."

ನನಗೆ ಫೋನಿಲ್ಲ. ಸೊಸೆಯ ನಂಬರು ಕೊಟ್ಟೆ.

ಸೊಸೆ ಸಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಮೆಂಬರ್ ಮನಸ್ಸು ಮಾಡಿದರೆ ಆ ಕೆಲಸ ಹೋಗುತ್ತದೆ. ಹಿಂದೆ ಒಬ್ಬಳದು ಹೋಗಿದೆ. ಸಂಜೆ ಸುದ್ದಿ ಕೇಳಿ ಕೈಯಲ್ಲಿದ್ದ ಕೊಡ ಕೆಳಗಿಟ್ಟಳು.

"ಅತ್ತಿ, ನನ್ನ ನಂಬರ್ ಕೊಟ್ರ್ಯಾ? ಮೆಂಬರ್‌ಗ ಗೊತ್ತಾದ್ರ ನಾಳಿಂದ ಸೌಟು ಬ್ಯಾರೆಯವರ ಕೈಯಾಗ. ನೀವು ರೊಟ್ಟಿ ಬದ್ಲಿ ಖರೇ ಮಾತು ತಿಂದು ಬದುಕ್ರಿ."

ಎರಡು ದಿನ ಕೂತಲ್ಲಿ ಕೂರಲಾಗಲಿಲ್ಲ. ಜೋಳ ಹಸನು ಮಾಡಲು ಕೂತರೆ ಕಲ್ಲು ಉಳಿದು ಕಾಳು ಕೆಳಗೆ ಹೋಗುತ್ತಿತ್ತು. ಕೆಲಸವಿಲ್ಲದಿದ್ದರೂ ಎರಡು ಸಲ ಮೆಂಬರನ ಮನೆ ಮುಂದೆ ಹಾದುಹೋದೆ. "ಏನ್ ಯಮ್ಮಾ, ಆರಾಮ?" ಎಂದು ನಕ್ಕ. ದಿನಾ ಕೇಳುವ ಮಾತೇ. ಆದರೂ ಇವತ್ತು ಯಾಕೆ ನಕ್ಕ ಎಂದು ಮನೆತನಕ ಯೋಚಿಸುತ್ತ ಬಂದೆ.

ಮೂರನೇ ದಿನ ಫೋನ್ ಬಂತು. ಸೊಸೆ ಅದನ್ನು ಕಾದ ಹಂಚಿನ ಹಾಗೆ ನನ್ನ ಕೈಗೆ ದಾಟಿಸಿದಳು.

"ಓಟಿನ ವಿಷಯ ಕೇಳಾಕ ನಮ್ಮ ಹುಡುಗಿ ನಿಮ್ಮ ಮನಿಗೆ ಬಂದಿದ್ಳೇನ್ರಿ?" ಗಂಡಸಿನ ದನಿ.

ಸೊಸೆ ಎದುರಿಗೆ ನಿಂತು ಇಲ್ಲ ಅನ್ನಿರೆಂಬಂತೆ ತಲೆ ಅಲ್ಲಾಡಿಸುತ್ತಿದ್ದಳು.

"ಯಾವ ಹುಡುಗೀನೂ ಬಂದಿಲ್ಲ."

"ಖರೇನ್ರಿ?"

"ಈ ವಯಸ್ಸಿನ್ಯಾಗ ಸುಳ್ಳು ಯಾಕ ಹೇಳ್ಲಿ?"

"ಹಂಗಾದ್ರ ಇದು ಕಳ್ಳ ಫಾರ್ಮ್. ತಗದು ಹಾಕ್ತೀವಿ," ಎಂದು ಇಟ್ಟುಬಿಟ್ಟ.

ಸಂಜೆ ಹುಡುಗಿಯೇ ಫೋನ್ ಮಾಡಿದಳು. "ಅಜ್ಜಿ, ನಿಮ್ಮನಿ ನೀರು ಕುಡದೀನಿ. ಕಟ್ಟಿ ಮ್ಯಾಲಿನವ್ರೆಲ್ಲ ಹೌದು ಬಂದಿದ್ಳು ಅಂದಾರ. ನೀವೊಬ್ರ ಇಲ್ಲ ಅಂದ್ರಿ. ಕೆಲ್ಸಕ್ಕ ಬರಬ್ಯಾಡ ಅಂದಾರ. ಒಂದ್ಸಲ ಅವರಿಗೆ ಹೇಳ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಸೊಸೆ ಒಲೆಯ ಮುಂದೆ ಕೂತು ನನ್ನನ್ನೇ ನೋಡುತ್ತಿದ್ದಳು.

"ನೀ ಯಾರವಾ? ನಂಬರ್ ತಪ್ಪಿರಬೇಕು," ಎಂದೆ.

ಅತ್ತ ಬಸ್ಸಿನ ಸದ್ದಿನ ನಡುವೆ ಹುಡುಗಿ ಫೋನ್ ಇಟ್ಟಳು. ಸೊಸೆ ಆ ನಂಬರು ಅಳಿಸಿದಳು. ನಾನು ಬೇಡ ಎನ್ನಲಿಲ್ಲ.