ದಿಂಬಿನ ಮೇಷ್ಟ್ರ ಎರಡು ಕಾಗದ

ಆಪರೇಷನ್ ಥಿಯೇಟರಿನಲ್ಲಿ ರೋಗಿಯನ್ನು ಮೇಜಿನ ಮೇಲೆ ದಿಂಬು ಕೊಟ್ಟು ಸರಿಯಾಗಿ ಮಲಗಿಸುವವನ ಬೆನ್ನನ್ನು ಯಾರೂ ತಟ್ಟುವುದಿಲ್ಲ. ಹಾಗಾಗಿ ದಿಂಬಿನ ಮೇಷ್ಟ್ರು ಇಪ್ಪತ್ತಾರು ವರ್ಷಗಳಿಂದ ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡು ಬಂದಿದ್ದರು. ಹುದ್ದೆ ಅಟೆಂಡರ್, ಗತ್ತು ಆಸ್ಪತ್ರೆ ಕಟ್ಟಿಸಿದವರದು. ಚಾದರದಲ್ಲಿ ಒಂದು ಸುಕ್ಕು ಕಂಡರೂ ಎಗರಾಡುವ ಆಸಾಮಿ. ಮನೆಯಲ್ಲೂ ಅಷ್ಟೇ. "ನಾನು ಮಲಗ್ಲೋ, ಚಾದರಕ್ಕೆ ಕಾವಲು ನಿಲ್ಲಲೋ?" ಎಂದು ಹೆಂಡತಿ ಕೇಳಿ ಕೇಳಿ ಸೋತಿದ್ದಳು.

ಹಿಂದಿನ ತಿಂಗಳು ಏಳು ಗಂಟೆ ಹಿಡಿದ ಆಪರೇಷನ್ ಮುಗಿದು ಎದ್ದ ಬಸ್ ಡ್ರೈವರೊಬ್ಬನ ಎಡ ಹೆಗಲ ಹಿಂದೆ ಒತ್ತುಗಾಯವಾಗಿತ್ತು. ಅರಿವಳಿಕೆಯಲ್ಲಿ ಇರುವವನು ಮಗ್ಗುಲು ಬದಲಿಸಲಾರ. ಒಂದೇ ಜಾಗಕ್ಕೆ ಗಂಟೆಗಟ್ಟಲೆ ಭಾರ ಬಿದ್ದರೆ ಚರ್ಮ ಸಾಯುತ್ತದೆ. "ಎಲ್ಲಾ ಇವನ ದಿಂಬಿನ ಪ್ರತಾಪ" ಎಂದು ಆಪರೇಷನ್ ಮಾಡಿದ ದೊಡ್ಡ ಸರ್ಜನ್ ಬೆರಳು ತೋರಿಸಿದರು. ವಿಚಾರಣೆ ಶುರುವಾಯಿತು. ತಪ್ಪು ಸಾಬೀತಾದರೆ ಮೇಷ್ಟ್ರು ನೆಲಮಾಳಿಗೆಯ ಲಾಂಡ್ರಿಗೆ.

ಅದೇ ಗಾಯದ ನೆಪದಲ್ಲಿ ಹೊಸ ಬಟ್ಟೆಯೊಂದು ಬಂತು. ನೋಡಲು ಬೂದು ಚಾದರ. ನೇಯ್ಗೆಯೊಳಗೆ ಒತ್ತಡ ಅಳೆಯುವ ಸೆನ್ಸರುಗಳು. ಎಲ್ಲಿ ಭಾರ ಹೆಚ್ಚೋ ಪಕ್ಕದ ಕಂಪ್ಯೂಟರ್ ಪರದೆಯಲ್ಲಿ ಅಲ್ಲಿ ಕೆಂಪು. ಜೊತೆಗೊಬ್ಬಳು ಟೆಕ್ನಿಷಿಯನ್: ವಯಸ್ಸು ಮೇಷ್ಟ್ರ ಮಗಳದು, ನಾಲಿಗೆ ಅವರ ಅತ್ತೆಯದು.

ಮೊದಲ ದಿನ ಮೇಷ್ಟ್ರು ಆ ಬಟ್ಟೆಯನ್ನು ಹಾಸಿ, ನಾಲ್ಕೂ ಮೂಲೆ ಜಗ್ಗಿ, ಮೇಜಿನ ಮೆತ್ತೆಯಡಿ ಬಿಗಿಯಾಗಿ ಸಿಕ್ಕಿಸಿದರು.

"ಅಣ್ಣಾ, ಎಳೀಬೇಡಿ! ಸಡಿಲ ಬಿಡಿ ಅದನ್ನ."

"ಚಾದರ ಹಾಸೋದು ನಂಗೇ ಕಲಿಸ್ತೀಯೇನಮ್ಮಾ? ನೀನು ಹುಟ್ಟೋಕ್ಮುಂಚಿಂದ ಹಾಸ್ತಿದೀನಿ."

"ಹಾಸಿ, ಯಾರು ಬೇಡ ಅಂದ್ರು? ಆದ್ರೆ ಇದು ಚಾದರ ಅಲ್ಲ. ಎಳೆದ್ರೆ ಅದನ್ನೂ ಭಾರ ಅಂತ್ಲೇ ತೋರಿಸುತ್ತೆ."

ರೋಗಿಯನ್ನು ಮಲಗಿಸಿದ್ದೇ ತಡ, ಪರದೆಯೆಲ್ಲ ಕೆಂಪು. ಮೇಷ್ಟ್ರು ಅಂದೇ ದೂರು ಬರೆದುಕೊಟ್ಟರು: 'ಈ ಬಟ್ಟೆ ಸುಳ್ಳು ಹೇಳುತ್ತದೆ.' ಕೆಳಗೆ ಸಹಿ, ಸಹಿಯ ಕೆಳಗೆ ಎರಡು ಗೆರೆ.

ಮರುದಿನ ಹುಡುಗಿಯೇ ಬಟ್ಟೆಯನ್ನು ಸಡಿಲವಾಗಿ ಹರಡಿದಳು. ಸುಕ್ಕು ಸರಿಪಡಿಸಲು ಚಾಚಿದ ಕೈಯನ್ನು ಮೇಷ್ಟ್ರು ಹಿಂದೆಳೆದುಕೊಂಡರು. ಹಲ್ಲು ಕಚ್ಚಿಕೊಂಡು ತಮ್ಮ ದಿಂಬುಗಳನ್ನಿಟ್ಟರು. ಪರದೆ ಪೂರ್ತಿ ಹಸಿರು! ಗಂಟೆ ಕಳೆದ ಮೇಲೆ ಎಡ ಹೆಗಲೊಂದು ಕೆಂಪಾಯಿತು. ಡ್ರೈವರನಿಗೆ ಗಾಯವಾದ ಜಾಗವೇ. ಮೇಷ್ಟ್ರು ಇಣುಕಿದರು. ಹೊದಿಕೆಯ ಮೇಲಿಂದ ರೋಗಿಯ ಹೆಗಲಿಗೆ ದೊಡ್ಡ ಸರ್ಜನ್ ಮೊಣಕೈ ಊರಿದ್ದರು. ಮೊಣಕೈಯ ಮೇಲೆ ಅವರ ಅರ್ಧ ಮೈ.

"ಸಾರ್, ಸ್ವಲ್ಪ ಮೊಣಕೈ..."

"ನನ್ ಮೊಣಕೈಗೂ ದಿಂಬು ಇಡ್ತೀಯಾ? ಸುಮ್ನೆ ನಿಂತ್ಕೊಳೋ."

ಮೊಣಕೈ ಎತ್ತಿದಾಗ ಹಸಿರು, ಊರಿದಾಗ ಕೆಂಪು. ಟೆಕ್ನಿಷಿಯನ್ ಪ್ರತಿ ಸಲವೂ ಗಟ್ಟಿಯಾಗಿ ಹೇಳಿದಳು. ಸರ್ಜನ್ ಪ್ರತಿ ಸಲವೂ ಅವಳನ್ನು ಗದರಿದರು.

ಆಪರೇಷನ್ ಮುಗಿದದ್ದೇ ಮೇಷ್ಟ್ರಿಗೆ ಸರ್ಜನ್ ಕೋಣೆಯಿಂದ ಕರೆ ಬಂತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ "ಕೂತ್ಕೊಳ್ಳಿ" ಎಂಬ ಮಾತು.

"ನಿಮ್ಮ ದೂರು ಓದಿದೆ. ಎಂಥಾ ಸತ್ಯ ಬರ್ದಿದೀರಿ! ನಾನೂ ಸಹಿ ಹಾಕ್ತೀನಿ, ಬಟ್ಟೆ ವಾಪಸ್ ಹೋಗ್ಲಿ."

"ಡ್ರೈವರ್ ಗಾಯದ ವಿಚಾರಣೆ, ಸಾರ್?"

"ಅದು ಬೇರೆ. ಲಾಂಡ್ರಿನೂ ಒಳ್ಳೇ ಜಾಗ ಕಣ್ರೀ, ಬೆಚ್ಚಗಿರುತ್ತೆ."

ಹೊರಗೆ ಬಂದ ಮೇಷ್ಟ್ರು ಕಾಗದ ಹಿಡಿದು ಬೆಂಚಿನ ಮೇಲೆ ಕೂತರು. ದೂರು ವಾಪಸ್ ತೆಗೆದುಕೊಳ್ಳುವುದೆಂದರೆ, ತನಗೆ ಬಟ್ಟೆ ಹಾಸಲು ಬರಲಿಲ್ಲ ಎಂದು ತಾನೇ ಬರೆದುಕೊಟ್ಟಂತೆ. ಅದಕ್ಕಿಂತ ಲಾಂಡ್ರಿಯೇ ವಾಸಿ ಎಂದು ಒಂದು ಗಳಿಗೆ ಅನ್ನಿಸಿತು ಕೂಡ.

"ಬರೀರಿ ಅಣ್ಣಾ, ಪರದೆ ದಾಖಲೆ ನಾನು ಕೊಡ್ತೀನಿ" ಎಂದಳು ಟೆಕ್ನಿಷಿಯನ್. "ನಾನು ಅವತ್ತೇ ಹೇಳ್ಲಿಲ್ವಾ..."

"ಹೇಳಿದ್ದು ಸಾಕು. ಬಾಯ್ಮುಚ್ಚಿದ್ರೆ ಬರೀತೀನಿ."

ಮೂರು ಕಾಗದ ಹರಿದು ನಾಲ್ಕನೆಯದರಲ್ಲಿ ಬರೆದರು: 'ಬಟ್ಟೆ ಸುಳ್ಳು ಹೇಳಿಲ್ಲ. ಮೊದಲ ದಿನ ಅದನ್ನು ಜಗ್ಗಿ ಸಿಕ್ಕಿಸಿದ್ದು ನನ್ನ ತಪ್ಪು. ಎರಡನೇ ದಿನದ ಕೆಂಪು ನನ್ನ ದಿಂಬಿನದಲ್ಲ, ಮೊಣಕೈಯದು. ಡ್ರೈವರನ ಗಾಯವೂ ಅದೇ ಜಾಗದ್ದು. ದಾಖಲೆ ನೋಡುವುದು.'

ವಿಚಾರಣೆಯವರು ದಾಖಲೆ ನೋಡಿದರು. ಲಾಂಡ್ರಿ ತಪ್ಪಿತು. ಅಂದಿನಿಂದ ದೊಡ್ಡ ಸರ್ಜನ್ ಮೇಷ್ಟ್ರ ಮುಖ ನೋಡುವುದಿಲ್ಲ. ಏನಿದ್ದರೂ ಗೋಡೆಗೆ ಹೇಳುತ್ತಾರೆ.

"ಯಾರಾದ್ರೂ ಮೇಜು ತಗ್ಗಿಸ್ತಾರಾ ಕೇಳಿ."

ಮೇಷ್ಟ್ರೂ ಅದೇ ಗೋಡೆಗೆ ಉತ್ತರ ಕೊಡುತ್ತಾರೆ: "ಮೊಣಕೈ ತೆಗೆದ್ರೆ ತಗ್ಗಿಸ್ತಾರಂತೆ."