ಮೂಕವಾಗಬೇಕಿದ್ದ ಡಬ್ಬಿ

ಅಕ್ಕ ಟೆಂಪೋ ಹತ್ತಿ, ಎಡಗಿವಿಯನ್ನು ಡಬ್ಬಿಗೆ ಒತ್ತಿ ನಿಂತಿದ್ದರು. ಆ ಕಿವಿಗೆ ಓಲೆ ಇಲ್ಲ. ಡಬ್ಬಿಗೆ ತಾಗುತ್ತದೆ ಅಂತ ಕೆಲಸದ ಹೊತ್ತಿನಲ್ಲಿ ಬಲಗಿವಿಗೆ ಮಾತ್ರ ಓಲೆ. ಡಬ್ಬಿಯೊಳಗೆ ರೇಡಿಯೋ ಹಾಡುತ್ತಿತ್ತು.

"ಎಲ್ಲ ಇಳಿಸಿ," ಎಂದರು.

ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ನಮ್ಮ ಶೆಡ್ಡಿನಲ್ಲಿ ಮಾಲು ಪಾಸು ಮಾಡುವವರು ಅಕ್ಕ. ಉಡುಪಿ ಕಡೆಯವರು, ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಬರುತ್ತಿದ್ದರು. ಗಂಡ ಹಾಸಿಗೆ ಹಿಡಿದಿದ್ದ. ಮನೆ ನಡೆಯುತ್ತಿದ್ದದ್ದು ಅಕ್ಕನ ಪಗಾರದಿಂದ.

ಘಟ್ಟದಾಚೆಯ ಬಯಲಿನಲ್ಲಿ ಆಕಾಶದಿಂದ ಬರುವ ರೇಡಿಯೋ ಅಲೆ ಹಿಡಿಯುವ ದೊಡ್ಡ ಆಂಟೆನಾಗಳು ಏಳುತ್ತಿದ್ದವು. ಅವುಗಳ ಸರ್ಕಿಟ್ ಕೂರಿಸುವ ಅಲ್ಯೂಮಿನಿಯಂ ಡಬ್ಬಿ ನಮ್ಮದು. ಅಕ್ಕನ ಪರೀಕ್ಷೆ ಸುಲಭ. ಹಾಡುವ ಸಣ್ಣ ಟ್ರಾನ್ಸಿಸ್ಟರನ್ನು ಒಳಗಿಟ್ಟು ಮುಚ್ಚಳ ಬಿಗಿಯುವುದು. ಲೋಹಕ್ಕೆ ಲೋಹ ಸರಿಯಾಗಿ ಕೂತರೆ ಹೊರಗಿನ ರೇಡಿಯೋ ಸ್ಟೇಷನ್ನಿನ ಅಲೆ ಒಳಗೆ ನುಗ್ಗುವುದಿಲ್ಲ, ಹಾಡು ನಿಂತು ಬರೀ ಬುಸ್ ಅನ್ನುತ್ತದೆ. ಹಾಡಿದರೆ ಡಬ್ಬಿ ವಾಪಸ್.

ಹಿಂದಿನ ದಿನ ಎಲ್ಲವೂ ಪಾಸಾಗಿದ್ದವು. ಮಾಲು ಹೋಗಬೇಕಿದ್ದ ಈ ದಿನ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ನಮ್ಮ ವಿಜಾಪುರದ ಫಿಟ್ಟರ್ ಕಾಕಾ ಭಕ್ತಿಯಿಂದ ಒಂದೊಂದೇ ಡಬ್ಬಿ ಬಿಚ್ಚಿ, ಬಾಯಿಯ ಅಂಚಿಗೆಲ್ಲ ಎಣ್ಣೆಯಲ್ಲಿ ಕಲಸಿದ ಅರಿಶಿನ ಕುಂಕುಮ ಬಳಿದು ಮುಚ್ಚಿದ್ದ. ಆ ಪದರ ನಡುವೆ ಕೂತು ಲೋಹಕ್ಕೆ ಲೋಹ ತಾಗುತ್ತಿರಲಿಲ್ಲ.

"ಡಬ್ಬಿಗಿ ಅದೇ ಹೊಸ್ತಿಲಾ ಅಲ್ಲೇನ್ರಿ ಯಕ್ಕಾ? ಹಬ್ಬದ ದಿನ ಒರಸಬ್ಯಾಡ್ರಿ, ಕೆಟ್ಟ ಆಗ್ತದ."

"ಹೊಸ್ತಿಲು ಒಳಗೆ ಬರಲಿಕ್ಕೆ ಇರುವುದು ಮಾರಾಯ. ಇದರ ಒಳಗೆ ಯಾರೂ ಬರಬಾರದು!"

ಶೆಡ್ಡಿನ ಮಾಲೀಕ ಶೇಠ್ ಓಡಿ ಬಂದ, ನಿನ್ನೆಯೇ ಪಾಸು ಮಾಡಿದ ಮಾಲು, ಗಾಡಿ ಬಿಡು ಅಂತ. "ಬಾಯಿ, ಗಾಡಿ ಜಾನೆ ದೋ! ಕಲ್ ಪಾಸ್ ಕಿಯಾ ನಾ?"

"ಕಲ್ ಕಾ ಡಬ್ಬಾ ಅಲಗ್ ಥಾ, ಶೇಠ್." ನಿನ್ನೆಯ ಡಬ್ಬಿಯೇ ಬೇರೆ ಅಂತ ಅಕ್ಕ.

"ಅಭೀ ಗಾಡಿ ನಹೀ ಗಯೀ ತೋ ಕಲ್ ಸೇ ಮತ್ ಆನಾ." ಈಗಲೇ ಗಾಡಿ ಹೋಗದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದ ಶೇಠ್.

ಡ್ರೈವರ್ ಎಂಜಿನ್ ಶುರು ಮಾಡಿದ. ಅಕ್ಕ ಇಳಿಯಲಿಲ್ಲ. ಹೆಲ್ಪರ್ ಹುಡುಗನಾಗಿದ್ದ ನನ್ನನ್ನು ನೋಡಿದರು.

"ಸ್ಕ್ರೂಡ್ರೈವರ್ ತಾ. ನಕ್ಷತ್ರ ಹುಟ್ಟುವ ಮೊದಲು ಬರೀ ಹೈಡ್ರೋಜನ್ ಇತ್ತಂತೆ. ಅದರ ಸಿಗ್ನಲ್ ಈಗ ಬಂದು ಮುಟ್ತಾ ಉಂಟು, ಇಷ್ಟೇ ಇಷ್ಟು. ನಮ್ಮ ಡಬ್ಬಿಯೇ ಹೊರಗಿನ ಹಾಡು ಒಳಗೆ ಬಿಟ್ಟು ಗಲಾಟೆ ಮಾಡಿದ್ರೆ ಆ ಆಂಟೆನಾದವರಿಗೆ ಎಂತ ಕೇಳ್ತದೆ, ಮಣ್ಣು?"

ಹೈಡ್ರೋಜನ್ ನನಗೆ ಅರ್ಥವಾಗಲಿಲ್ಲ. ನನ್ನ ಕೆಲಸವೂ ಹೋಗುವ ಹಾಗಿತ್ತು. ಆದರೂ ಸ್ಕ್ರೂಡ್ರೈವರ್ ಕೊಟ್ಟೆ.

ಮೊದಲ ಡಬ್ಬಿಯ ಕುಂಕುಮವನ್ನು ಅಕ್ಕ ತಮ್ಮ ಸೆರಗಿನಿಂದಲೇ ಒರೆಸಿ, ಕುಂಕುಮ ತಾಗಿದ ಬೆರಳನ್ನು ಹಣೆಗೆ ಒತ್ತಿಕೊಂಡರು. ಅದನ್ನು ನೋಡಿ ಕಾಕಾ ಬಂದು ಎರಡನೆಯದಕ್ಕೆ ಕೈ ಹಾಕಿದ. ಶೇಠ್ ಬೈಯುತ್ತಲೇ ಇದ್ದ. ನಾವು ಒರೆಸುತ್ತಲೇ ಇದ್ದೆವು. ಪ್ರತಿ ಡಬ್ಬಿಗೂ ಅಕ್ಕ ಕಿವಿ ಇಟ್ಟರು. ಎಲ್ಲವೂ ಬುಸ್ ಅಂದವು.

ಸಂಜೆ ಟೆಂಪೋ ಹೋಯಿತು. ಶೇಠ್ ಮಾತು ಬದಲಿಸಲಿಲ್ಲ, ಅಕ್ಕನ ಕೆಲಸ ಹೋಯಿತು. ಅಕ್ಕ ಪರ್ಸಿನಿಂದ ಇನ್ನೊಂದು ಓಲೆ ತೆಗೆದು ಎಡಗಿವಿಗೆ ಹಾಕಿಕೊಂಡು, ತಮ್ಮ ಟ್ರಾನ್ಸಿಸ್ಟರ್ ಎತ್ತಿಕೊಂಡು ರೈಲು ಸ್ಟೇಷನ್ ಕಡೆ ನಡೆದರು. ಶೆಡ್ಡಿನಲ್ಲಿ ಅವರ ಎರಡೂ ಕಿವಿಯಲ್ಲಿ ಓಲೆ ಕಂಡದ್ದು ಅದೊಂದೇ ಸಲ.

ಹೋದ ವರ್ಷ ಅಕ್ಕ ಕಾಮಾಲೆಯಾಗಿ ತೀರಿಕೊಂಡರು. ಈಗ ಉಲ್ಹಾಸನಗರದ ಒಂದು ಶೆಡ್ಡಿನಲ್ಲಿ ಮಾಲು ಪಾಸು ಮಾಡುವವನು ನಾನು. ಗಾಡಿ ಕಾಯುತ್ತಾ ನಿಂತಿದೆ ಅಂತ ಇವತ್ತಿನವರೆಗೆ ಏನನ್ನೂ ಪಾಸು ಮಾಡಿಲ್ಲ. ಅದು ಅಕ್ಕನ ಋಣ.

ಆ ಹೈಡ್ರೋಜನ್ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಸಿಗದಿದ್ದರೆ ನಮ್ಮ ಡಬ್ಬಿಯ ಗಲಾಟೆಯಿಂದ ಅಲ್ಲ. ಇಷ್ಟೇ. ಹೇಳುವುದಕ್ಕೆ ಇನ್ನೇನೂ ಇಲ್ಲ.